ಹೊತ್ತಗೆ ಗಚ್ಛದ ಹೊತ್ತಗೆ: ಧವಳಾ ಓಲೆಪ್ರತಿಯ ಒಳಗು, ಓದುಗರು ಮತ್ತು ಅಲಂಕಾರ

ಕೃಷ್ಣರಾಜನಗರ ಸೀಮೆಯ ಚಿಕ್ಕಹನಸೋಗೆಯಲ್ಲಿ ಮೂರು ಗರ್ಭಗೃಹಗಳುಳ್ಳ ಹಳೆಯದೊಂದು ಬಸದಿಯಿದೆ. ದೋರನಹಳ್ಳಿಯ ಸಂತ ಅಂತೋಣಿಯವರ ಪುಣ್ಯಕ್ಷೇತ್ರಕ್ಕೆ ವರ್ಷವರ್ಷವೂ ಹೋಗಿಬರುವ ನಮ್ಮವರಲ್ಲಿ ಅದೇ ಸೀಮೆಯ ಈ ಊರಿನತ್ತ ಹೆಜ್ಜೆ ತಿರುಗಿಸಿದವರು ವಿರಳವಾಗಿರಬೇಕು. ಶಾಸನಗಳು ಇದನ್ನು ಪನಸೋಗೆ ಎನ್ನುತ್ತವೆ. ಇಲ್ಲಿ ಅರವತ್ತನಾಲ್ಕು ಬಸದಿಗಳಿದ್ದುವೆಂದೂ ಅವನ್ನು ಮೊದಲು ಕಟ್ಟಿಸಿದವನು ದಶರಥನ ಮಗ ರಾಮನೆಂದೂ ಅವು ಸಾರುತ್ತವೆ. ಆ ಸಂಖ್ಯೆಯನ್ನೂ ಸ್ಥಾಪಕನನ್ನೂ ಭಕ್ತಿಯ ಮಾತೆಂದು ಬದಿಗಿಟ್ಟರೂ, 11ನೇ ಶತಮಾನದಲ್ಲಿ ರಾಜೇಂದ್ರಚೋಳ ನನ್ನಿ ಚಂಗಾಳ್ವನು ಇಲ್ಲಿಯ ಬಸದಿಯನ್ನು ಹೊಸದಾಗಿ ಕಟ್ಟಿಸಿದ್ದು ಇತಿಹಾಸವೇ ಸರಿ. ಆದರೆ ನಮ್ಮ ಗಮನವನ್ನು ಹಿಡಿದು ನಿಲ್ಲಿಸುವುದು ಆ ಶಾಸನಗಳಲ್ಲಿ ಬರುವ ಒಂದು ಹೆಸರು. ಇಲ್ಲಿಯ ಮುನಿಗಳು ಮೂಲಸಂಘದ ದೇಶಿಗಣದ ಪುಸ್ತಕ ಗಚ್ಛಕ್ಕೆ ಸೇರಿದವರು. ಅಚ್ಚಗನ್ನಡದಲ್ಲಿ ಹೇಳುವುದಾದರೆ ಹೊತ್ತಗೆ ಗಚ್ಛದವರು.

ಗಚ್ಛವೆಂದರೆ ಸನ್ಯಾಸಿಗಳ ಗುರುಪರಂಪರೆಯ ಒಂದು ಕವಲು. ನಮ್ಮ ಧರ್ಮಸಭೆಯ ಸನ್ಯಾಸ ಸಂಸ್ಥೆಗಳ ಹೆಸರುಗಳನ್ನು ನೆನೆದರೆ ಈ ಹೆಸರಿನ ವೈಶಿಷ್ಟ್ಯ ತಿಳಿಯುತ್ತದೆ. ಬೆನೆಡಿಕ್ಟೀಯರು, ಫ್ರಾನ್ಸಿಸ್ಕೀಯರು, ದೊಮಿನಿಕೀಯರು ತಮ್ಮ ಸ್ಥಾಪಕರ ಹೆಸರನ್ನು ಹೊತ್ತವರು. ಸಿಸ್ಟರ್ಸೀಯರು, ಕಾರ್ತೂಸೀಯರು ತಮ್ಮ ಮೊದಲ ಮಠದ ಊರಿನ ಹೆಸರನ್ನು. ಪುಸ್ತಕದ ಹೆಸರಿನಿಂದಲೇ ತಮ್ಮನ್ನು ಕರೆದುಕೊಂಡ ಸನ್ಯಾಸಿ ಬಳಗ ನಮ್ಮಲ್ಲಿ ಇಲ್ಲ. ಕನ್ನಡ ನಾಡಿನಲ್ಲಿ ಅಂಥದೊಂದು ಬಳಗವಿತ್ತು. ಅದರ ಕೈಯಲ್ಲಿದ್ದ ಒಂದು ಪುಸ್ತಕ ಒಂಬೈನೂರು ವರ್ಷಗಳ ಬಳಿಕವೂ ಉಳಿದಿದೆ. ಅದರಲ್ಲಿ ಏನಿದೆ, ಅದನ್ನು ಯಾರು ಓದಿದರು, ಅದರ ಗರಿಗಳ ಮೇಲೆ ಚಿತ್ರಗಳೇಕೆ ಬಂದವು ಎಂಬುದನ್ನು ಇಲ್ಲಿ ವಿಚಾರಿಸಲು ಹೊರಟಿದ್ದೇವೆ.

ಆ ಪುಸ್ತಕ ಹನಸೋಗೆಯದಲ್ಲ. ಅದು ದಕ್ಷಿಣ ಕನ್ನಡದ ಮೂಡುಬಿದಿರೆಯ ಗುರುಬಸದಿಯಲ್ಲಿ ಕಾಪಾಡಿಕೊಂಡು ಬಂದ ಧವಳಾ ಗ್ರಂಥದ ತಾಳೆಯೋಲೆಯ ಪ್ರತಿ. ಆದರೆ ಘಟ್ಟದ ಮೇಲಿನ ಈ ನಾಲ್ಕು ತಾಲ್ಲೂಕುಗಳಿಗೂ ಅದಕ್ಕೂ ನಂಟು ದೂರದ್ದಲ್ಲ. ಕಾರ್ಕಳದಲ್ಲಿ 1432ರಲ್ಲಿ ವೀರಪಾಂಡ್ಯ ಭೈರರಸನಿಂದ ಬಾಹುಬಲಿಯನ್ನು ನಿಲ್ಲಿಸಿದ ಗುರು ಲಲಿತಕೀರ್ತಿಗಳು ಪನಸೋಗೆಯ ಪರಂಪರೆಯವರೇ. ಅದಕ್ಕಿಂತಲೂ ಹಳೆಯ ಎಳೆಯೊಂದು ಹೆಗ್ಗಡದೇವನಕೋಟೆಯಿಂದ ಹೊರಡುತ್ತದೆ. ಕಪಿಲೆಯ ದಡದ ಕಿತ್ತೂರು ಪುನ್ನಾಟ ರಾಜ್ಯದ ರಾಜಧಾನಿಯಾಗಿತ್ತು. ಆ ನಾಡಿನ ಹೆಸರನ್ನು ಹೊತ್ತ ಪುನ್ನಾಟ ಸಂಘದ ಮುನಿಗಳು ಸೌರಾಷ್ಟ್ರದವರೆಗೂ ನಡೆದುಹೋದರು. ಅವರಲ್ಲೊಬ್ಬರಾದ ಜಿನಸೇನರು 783ರಲ್ಲಿ ಮುಗಿಸಿದ ಹರಿವಂಶಪುರಾಣದ ಮೊದಲಲ್ಲಿ ತಮ್ಮ ಕಾಲದ ಹಿರಿಯ ವಿದ್ವಾಂಸರೊಬ್ಬರನ್ನು ಸ್ತುತಿಸುತ್ತಾರೆ. ಆ ಹಿರಿಯರೇ ಧವಳೆಯನ್ನು ಬರೆದ ವೀರಸೇನಾಚಾರ್ಯರು. ವೀರಸೇನರ ಶಿಷ್ಯರ ಹೆಸರೂ ಜಿನಸೇನರೇ ಆದುದರಿಂದ ವಿದ್ಯಾರ್ಥಿಗಳು ಇಬ್ಬರನ್ನೂ ಒಬ್ಬರೆಂದು ಭಾವಿಸುವುದುಂಟು. ಬೇರೆ ಬೇರೆ ಎಂಬುದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು.

ಮೊದಲು ಗ್ರಂಥದ ಒಳಗನ್ನು ನೋಡೋಣ. ದಿಗಂಬರ ಜೈನರ ನಂಬಿಕೆಯಂತೆ ಮಹಾವೀರರ ಉಪದೇಶ ಬಾಯಿಂದ ಬಾಯಿಗೆ ಹರಿದುಬಂದು, ತಲೆಮಾರು ಕಳೆದಂತೆಲ್ಲ ಸೋರಿಹೋಗುತ್ತಿತ್ತು. ಉಳಿದ ಕೊನೆಯ ಅಂಶವನ್ನು ಬಲ್ಲವರು ಗಿರಿನಾರದ ಚಂದ್ರಗುಹೆಯಲ್ಲಿದ್ದ ಧರಸೇನಾಚಾರ್ಯರು. ತಮ್ಮೊಂದಿಗೆ ಅದೂ ಅಳಿದೀತೆಂಬ ಭಯದಿಂದ ಅವರು ದಕ್ಷಿಣದ ಮುನಿಸಂಘಕ್ಕೆ ಹೇಳಿಕಳಿಸಿ ಇಬ್ಬರು ಶಿಷ್ಯರನ್ನು ಕರೆಸಿಕೊಂಡರು. ಪಾಠ ಹೇಳುವ ಮೊದಲು ಅವರನ್ನು ಪರೀಕ್ಷಿಸಿದ ಬಗೆಯನ್ನು ಧವಳೆಯೇ ವಿವರಿಸುತ್ತದೆ. ಇಬ್ಬರಿಗೂ ಒಂದೊಂದು ಮಂತ್ರವನ್ನು ಕೊಟ್ಟರು. ಒಂದರಲ್ಲಿ ಅಕ್ಷರ ಹೆಚ್ಚಾಗಿತ್ತು, ಇನ್ನೊಂದರಲ್ಲಿ ಕಡಿಮೆಯಾಗಿತ್ತು. ಜಪಿಸಿದಾಗ ಒಬ್ಬರಿಗೆ ಹಲ್ಲು ಹೊರಚಾಚಿದ ದೇವತೆ ಕಾಣಿಸಿಕೊಂಡಳು, ಇನ್ನೊಬ್ಬರಿಗೆ ಒಕ್ಕಣ್ಣಿನ ದೇವತೆ. ದೇವತೆಗಳಿಗೆ ಇಂಥ ವಿಕಾರ ಸಲ್ಲದೆಂದು ಯೋಚಿಸಿದ ಶಿಷ್ಯರು ತಪ್ಪು ಮಂತ್ರದಲ್ಲಿದೆಯೆಂದು ತರ್ಕಿಸಿ, ಹೆಚ್ಚಿನ ಅಕ್ಷರವನ್ನು ತೆಗೆದು, ಬಿಟ್ಟ ಅಕ್ಷರವನ್ನು ಸೇರಿಸಿ, ಮತ್ತೆ ಜಪಿಸಿದರು. ದೇವತೆಗಳು ತಮ್ಮ ಸಹಜರೂಪದಲ್ಲಿ ಬಂದು ನಿಂತರು. ಗುರುಗಳಿಗೆ ಸಮಾಧಾನವಾಯಿತು. ಪಾಠಪರಿಷ್ಕರಣೆಯ ವಿಷಯದಲ್ಲಿ ಇದಕ್ಕಿಂತ ಸೊಗಸಾದ ಕಥೆಯನ್ನು ನಾವು ಬೇರೆಲ್ಲಿಯೂ ಕಂಡಿಲ್ಲ. ಸತ್ಯವೇದದ ಹಸ್ತಪ್ರತಿಗಳ ಪಾಠಾಂತರಗಳನ್ನು ಬೋಧಿಸುವ ಅಧ್ಯಾಪಕರು ಮೊದಲ ದಿನವೇ ಇದನ್ನು ಹೇಳಬಹುದು. ಇದನ್ನು ಇಲ್ಲಿ ವಿವರವಾಗಿ ಹೇಳಿದ್ದಕ್ಕೆ ಇನ್ನೊಂದು ಕಾರಣವೂ ಇದೆ. ಅದು ಮುಂದೆ ಬರುತ್ತದೆ.

ಆ ಇಬ್ಬರು ಶಿಷ್ಯರೇ ಪುಷ್ಪದಂತರು ಮತ್ತು ಭೂತಬಲಿಗಳು. ಪುಷ್ಪದಂತರು ಬನವಾಸಿ ನಾಡಿಗೆ ಬಂದು 177 ಸೂತ್ರಗಳ ಸತ್ಪ್ರರೂಪಣೆಯನ್ನು ರಚಿಸಿ, ಜಿನಪಾಲಿತನೆಂಬ ಶಿಷ್ಯನ ಕೈಯಲ್ಲಿ ದ್ರಮಿಳ ದೇಶದಲ್ಲಿದ್ದ ಭೂತಬಲಿಗಳಿಗೆ ಕಳಿಸಿದರು. ಉಳಿದುದನ್ನು ಭೂತಬಲಿಗಳು ಪೂರ್ಣಗೊಳಿಸಿದರು. ಹೀಗೆ ಪ್ರಾಕೃತ ಭಾಷೆಯ ಷಟ್ಖಂಡಾಗಮ, ಅಂದರೆ ಆರು ಖಂಡಗಳ ಆಗಮ, ಹುಟ್ಟಿತು. ಅದರ ಆರಂಭದ ಭಾಗ ಕನ್ನಡ ನೆಲದಲ್ಲಿ ರಚಿತವಾಯಿತೆಂಬುದು ನಮ್ಮ ನಾಡಿನ ಚರ್ಚುಗಳಲ್ಲೂ ಶಾಲೆಗಳಲ್ಲೂ ತಿಳಿದಿರಬೇಕಾದ ಸಂಗತಿ.

ಆರು ಖಂಡಗಳ ವಿಷಯ ಜೀವ ಮತ್ತು ಕರ್ಮ. ಕರ್ಮವು ಆತ್ಮಕ್ಕೆ ಹೇಗೆ ಅಂಟುತ್ತದೆ, ಎಷ್ಟು ಕಾಲ ನಿಲ್ಲುತ್ತದೆ, ಯಾವ ತೀವ್ರತೆಯಿಂದ ಫಲಿಸುತ್ತದೆ, ಆತ್ಮ ಹದಿನಾಲ್ಕು ಗುಣಸ್ಥಾನಗಳ ಮೆಟ್ಟಿಲುಗಳನ್ನು ಹೇಗೆ ಏರುತ್ತದೆ ಎಂಬುದರ ಸೂಕ್ಷ್ಮ ಗಣನೆ ಇಲ್ಲಿದೆ. ಕಥೆಯಿಲ್ಲ, ಪ್ರಾರ್ಥನೆಯೂ ಬಹುಮಟ್ಟಿಗೆ ಇಲ್ಲ; ಮೊದಲಲ್ಲಿ ಪಂಚನಮಸ್ಕಾರ ಮಂತ್ರವೊಂದು ಮಂಗಳವಾಗಿ ನಿಂತಿದೆ. ಮೊದಲ ಐದು ಖಂಡಗಳಿಗೆ ವೀರಸೇನರು ಬರೆದ ವಿಸ್ತಾರವಾದ ವ್ಯಾಖ್ಯಾನವೇ ಧವಳಾ. ಹೀರಾಲಾಲ ಜೈನರ ಗಣನೆಯಂತೆ ಅದು ಮುಗಿದದ್ದು 816ರಲ್ಲಿ. ಸಂಪ್ರದಾಯ ಅದನ್ನು 72 ಸಾವಿರ ಶ್ಲೋಕಗಳಷ್ಟು ಪ್ರಮಾಣದ್ದೆಂದು ಲೆಕ್ಕ ಹಾಕುತ್ತದೆ. ಗುಣಧರಾಚಾರ್ಯರ ಕಷಾಯಪ್ರಾಭೃತಕ್ಕೆ ವೀರಸೇನರು ಆರಂಭಿಸಿದ ಜಯಧವಳಾ ವ್ಯಾಖ್ಯಾನವನ್ನು ಶಿಷ್ಯ ಜಿನಸೇನರು 837ರಲ್ಲಿ, ರಾಷ್ಟ್ರಕೂಟ ಅಮೋಘವರ್ಷನ ಆಳ್ವಿಕೆಯಲ್ಲಿ, ಮುಗಿಸಿದರು. ಆರನೆಯ ಖಂಡವಾದ ಮಹಾಬಂಧಕ್ಕೆ ಮಹಾಧವಳಾ ಎಂಬ ಹೆಸರು ರೂಢಿಗೆ ಬಂತು. ಈ ಮೂರೂ ಮೂಡುಬಿದಿರೆಯಲ್ಲಿ ಒಟ್ಟಿಗೆ ಉಳಿದವು.

ವೀರಸೇನರ ಬರವಣಿಗೆಯ ಗುಣವನ್ನು ಎರಡು ಮಾತಿನಲ್ಲಿ ಹೇಳದೆ ಮುಂದೆ ಹೋಗಲಾರೆವು. ಪ್ರಾಕೃತದಿಂದ ಸಂಸ್ಕೃತಕ್ಕೂ ಸಂಸ್ಕೃತದಿಂದ ಪ್ರಾಕೃತಕ್ಕೂ ಅವರು ಸಲೀಸಾಗಿ ದಾಟುತ್ತಾರೆ. ಎದುರಾಳಿಯ ಪ್ರಶ್ನೆಯನ್ನು ತಾವೇ ಎತ್ತಿ ಉತ್ತರಿಸುತ್ತಾರೆ. ಆಮೇಲೆ ಪ್ಯಾರಿಸಿನ ಪಾಠಶಾಲೆಗಳಲ್ಲಿ ಬೆಳೆದ ಪ್ರಶ್ನೋತ್ತರದ ರೀತಿಯನ್ನು ಬಲ್ಲವರಿಗೆ ಇದು ಪರಿಚಿತವೆನಿಸುತ್ತದೆ. ಪೂರ್ವಾಚಾರ್ಯರಲ್ಲಿ ಎರಡು ಮತಗಳಿದ್ದಾಗ, ದಕ್ಷಿಣದ ಸಂಪ್ರದಾಯ ಹೀಗೆ, ಉತ್ತರದ ಸಂಪ್ರದಾಯ ಹೀಗೆ ಎಂದು ಎರಡನ್ನೂ ದಾಖಲಿಸುತ್ತಾರೆ. ತೀರ್ಮಾನಿಸಬಲ್ಲ ಸರ್ವಜ್ಞರು ಈಗ ಇಲ್ಲವಾದ್ದರಿಂದ ಎರಡನ್ನೂ ಕಾಪಾಡಿಕೊಳ್ಳಬೇಕೆಂಬುದು ಅವರ ನಿಲುವು. ಅಬೆಲಾರ್ಡರು 12ನೇ ಶತಮಾನದಲ್ಲಿ ಧರ್ಮಸಭಾಪಿತೃಗಳ ಪರಸ್ಪರ ವಿರುದ್ಧವಾದ ಮಾತುಗಳನ್ನು ಎದುರುಬದುರಾಗಿ ಜೋಡಿಸಿದ್ದು ವಾದದ ಕಿಡಿ ಹೊತ್ತಿಸಲು. ವೀರಸೇನರು ಜೋಡಿಸಿದ್ದು ಏನೂ ಕಳೆದುಹೋಗಬಾರದೆಂದು. ನಮಗೆ ಎರಡನೆಯದೇ ಹೆಚ್ಚು ಹಿಡಿಸುತ್ತದೆ.

ಇನ್ನು ಓಲೆಪ್ರತಿ. ಅದರ ಪ್ರಶಸ್ತಿ, ಅಂದರೆ ಕೊನೆಯ ಬರಹ, ದಾನಿಯ ಮತ್ತು ದಾನ ಪಡೆದವರ ಹೆಸರನ್ನು ಉಳಿಸಿದೆ. ಮಂಡಲಿನಾಡಿನ ಭುಜಬಲ ಗಂಗ ಪೆರ್ಮಾಡಿದೇವನ ಮನೆತನಕ್ಕೆ ಸೇರಿದ ದೇಮಿಯಕ್ಕ ಎಂಬ ಮಹಿಳೆ ಶ್ರುತಪಂಚಮಿಯ ವ್ರತವನ್ನು ಆಚರಿಸಿ, ಅದರ ಉದ್ಯಾಪನೆಗೆಂದು ಧವಳೆಯನ್ನು ಬರೆಯಿಸಿ, ಶಿವಮೊಗ್ಗ ಸೀಮೆಯ ಬನ್ನಿಕೆರೆಯ ಚೈತ್ಯಾಲಯದ ಶುಭಚಂದ್ರ ಸಿದ್ಧಾಂತದೇವರಿಗೆ ಅರ್ಪಿಸಿದಳು. ಆ ಚೈತ್ಯಾಲಯ ಕಟ್ಟಲ್ಪಟ್ಟದ್ದು 1113ರಲ್ಲಿ. ಶುಭಚಂದ್ರರು ತೀರಿಕೊಂಡದ್ದು 1123ರಲ್ಲಿ ಎಂದು ಶ್ರವಣಬೆಳಗೊಳದ ಶಾಸನ ತಿಳಿಸುತ್ತದೆ. ಓಲೆ ಈ ಹತ್ತು ವರ್ಷಗಳ ನಡುವಿನದು. ಶುಭಚಂದ್ರರು ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜನ ಗುರುಗಳು. ಮೂಲಸಂಘ, ದೇಶಿಗಣ, ಪುಸ್ತಕ ಗಚ್ಛ. ಹನಸೋಗೆಯ ಶಾಸನದ ಹೆಸರು ಇಲ್ಲಿ ಒಂದು ವಸ್ತುವಾಗಿ ನಮ್ಮ ಕೈಗೆ ಸಿಗುತ್ತದೆ. ಮಹಾಬಂಧದ ಪ್ರತಿಯನ್ನು ಬರೆಯಿಸಿದವಳೂ ಮಹಿಳೆಯೇ. ಮಲ್ಲಿಕಬ್ಬೆ ಎಂಬಾಕೆ ಅದೇ ಪಂಚಮಿ ವ್ರತದ ಕೊನೆಯಲ್ಲಿ ಅದನ್ನು ಮಾಘನಂದಿ ಮುನಿಗಳಿಗೆ ಕೊಟ್ಟಳು.

ಶ್ರುತಪಂಚಮಿ ಜ್ಯೇಷ್ಠ ಶುದ್ಧ ಪಂಚಮಿಯಂದು ಬರುತ್ತದೆ. ಷಟ್ಖಂಡಾಗಮವನ್ನು ಮುಗಿಸಿದ ಭೂತಬಲಿಗಳು ಚತುರ್ವಿಧ ಸಂಘದೊಡನೆ ಗ್ರಂಥವನ್ನು ಪೂಜಿಸಿದ ದಿನವದು ಎಂಬುದು ಸಂಪ್ರದಾಯ. ವ್ರತ ಹಿಡಿದವರು ಕೊನೆಯಲ್ಲಿ ಶಾಸ್ತ್ರದಾನ ಮಾಡುತ್ತಿದ್ದರು. ಅನ್ನ, ಅಭಯ, ಔಷಧ, ಶಾಸ್ತ್ರ ಎಂಬ ನಾಲ್ಕು ದಾನಗಳಲ್ಲಿ ಕೊನೆಯದು ಇದು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂದು ಹೆಸರಾದ ಅತ್ತಿಮಬ್ಬೆ ದೇಮಿಯಕ್ಕನಿಗಿಂತ ಒಂದು ಶತಮಾನ ಹಿಂದಿನವಳು. ಆದರೆ ಇಬ್ಬರ ದಾನಕ್ಕೂ ಒಂದು ಮುಖ್ಯವಾದ ಅಂತರವಿದೆ. ಪೊನ್ನನ ಪುರಾಣವನ್ನು ಅತ್ತಿಮಬ್ಬೆ ಓದಿಸಿ ಕೇಳಬಹುದಾಗಿತ್ತು. ದೇಮಿಯಕ್ಕ ಬರೆಯಿಸಿದ್ದು ಅವಳು ಓದತಕ್ಕದ್ದಲ್ಲದ ಗ್ರಂಥ. ಸಿದ್ಧಾಂತದ ರಹಸ್ಯಗಳ ಅಧ್ಯಯನಕ್ಕೆ ಗೃಹಸ್ಥರು ಅಧಿಕಾರಿಗಳಲ್ಲವೆಂದು ವಸುನಂದಿ, ಆಶಾಧರ ಮೊದಲಾದವರ ಶ್ರಾವಕಾಚಾರ ಗ್ರಂಥಗಳು ಸ್ಪಷ್ಟವಾಗಿ ವಿಧಿಸುತ್ತವೆ.

ಹಾಗಾದರೆ ಓದಿದವರು ಯಾರು? ಮುನಿಗಳು, ಅವರಲ್ಲೂ ಕೆಲವರು. ಸಿದ್ಧಾಂತದೇವ, ಸಿದ್ಧಾಂತಚಕ್ರವರ್ತಿ ಎಂಬ ಬಿರುದುಗಳು ಈ ಆಗಮಗಳನ್ನು ಅರಗಿಸಿಕೊಂಡವರಿಗೆ ಸಲ್ಲುತ್ತಿದ್ದವು. ದಿಗಂಬರ ಮುನಿ ಬಟ್ಟೆಯನ್ನೂ ಇಟ್ಟುಕೊಳ್ಳುವುದಿಲ್ಲ; ಅವನಿಗೆ ಅನುಮತಿಯಿರುವುದು ಪಿಂಛ, ಕಮಂಡಲು ಮತ್ತು ಜ್ಞಾನಕ್ಕೆ ಉಪಕರಣವಾದ ಶಾಸ್ತ್ರ ಮಾತ್ರ. ಸಂತ ಬೆನೆಡಿಕ್ಟರ ನಿಯಮದ 33ನೇ ಅಧ್ಯಾಯ ಇದಕ್ಕೆ ವಿರುದ್ಧ ದಿಕ್ಕಿನಲ್ಲಿದೆ. ಅಲ್ಲಿ ಸನ್ಯಾಸಿ ಬಟ್ಟೆ ತೊಡುತ್ತಾನೆ, ಆದರೆ ಪುಸ್ತಕವನ್ನಾಗಲಿ ಬರೆಯುವ ಕಂಟವನ್ನಾಗಲಿ ತನ್ನದೆನ್ನುವಂತಿಲ್ಲ. 48ನೇ ಅಧ್ಯಾಯದಂತೆ ತಪಸ್ಸುಕಾಲದ ಆರಂಭದಲ್ಲಿ ಪ್ರತಿಯೊಬ್ಬ ಸಹೋದರನೂ ಮಠದ ಸಂಗ್ರಹದಿಂದ ಒಂದು ಪುಸ್ತಕ ಪಡೆದು ಮೊದಲಿನಿಂದ ಕೊನೆಯವರೆಗೆ ಓದಬೇಕು. ಓದದೆ ಸೋಮಾರಿಗಳಾಗಿರುವವರನ್ನು ಕಂಡುಹಿಡಿಯಲು ಒಬ್ಬಿಬ್ಬರು ಹಿರಿಯರು ಸುತ್ತುಹಾಕುತ್ತಾರೆ. ಎಲ್ಲವನ್ನೂ ಬಿಟ್ಟವನ ಕೈಯಲ್ಲಿ ಪುಸ್ತಕ ಇರಬಹುದೇ ಎಂಬ ಪ್ರಶ್ನೆಯನ್ನು ಎರಡೂ ಪರಂಪರೆಗಳು ಎದುರಿಸಿದವು. ಒಂದು ಅದನ್ನು ದೇಹದ ಅಂಗದಂತೆ ಮುನಿಗೆ ಬಿಟ್ಟುಕೊಟ್ಟಿತು, ಇನ್ನೊಂದು ಸಾಮುದಾಯಿಕ ಆಸ್ತಿಯನ್ನಾಗಿ ಮಾಡಿತು. ಓದಿನ ಕ್ರಮದಲ್ಲಿ ಮಾತ್ರ ಇಬ್ಬರೂ ಹತ್ತಿರ ಬರುತ್ತಾರೆ. ತತ್ವಾರ್ಥಸೂತ್ರ ಸ್ವಾಧ್ಯಾಯವನ್ನು ವಾಚನೆಯಿಂದ ಆರಂಭಿಸಿ, ಗುರುವನ್ನು ಕೇಳುವುದು, ಒಳಗೇ ಮೆಲುಕು ಹಾಕುವುದು, ಬಾಯಿಪಾಠ ಮಾಡುವುದು ಎಂದು ಮುಂದುವರಿಸಿ, ಉಪದೇಶದಲ್ಲಿ ಕೊನೆಗೊಳಿಸುತ್ತದೆ. ಕಾರ್ತೂಸೀಯ ಮಠಾಧಿಪತಿ ಎರಡನೆಯ ಗುಯಿಗೋ 12ನೇ ಶತಮಾನದಲ್ಲಿ ಓದು, ಧ್ಯಾನ, ಪ್ರಾರ್ಥನೆ, ದರ್ಶನ ಎಂದು ಹೇಳಿದ ಏಣಿಯನ್ನು ನಮ್ಮ ಗುರುಮಠಗಳಲ್ಲಿ ಇಂದಿಗೂ ಕಲಿಸುತ್ತೇವೆ. ಜೈನರ ಕ್ರಮ ಇತರರಿಗೆ ಹೇಳುವುದರಲ್ಲಿ ಮುಗಿಯುತ್ತದೆ, ಗುಯಿಗೋನ ಏಣಿ ದೇವರ ಮುಂದಿನ ಮೌನದಲ್ಲಿ. ಯಾಜಕರಾಗಿ ಪ್ರಬೋಧನೆ ಸಿದ್ಧಪಡಿಸುವವರಿಗೆ ಈ ವ್ಯತ್ಯಾಸ ಯೋಚನೆಗೆ ಅರ್ಹ.

ಓದುಗರ ಸಂಖ್ಯೆ ಬೇಗನೆ ಇಳಿಯಿತು. ದೇಮಿಯಕ್ಕ ಓಲೆ ಬರೆಯಿಸುವ ಮೊದಲೇ, 10ನೇ ಶತಮಾನದ ಕೊನೆಯಲ್ಲಿ, ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಚಾವುಂಡರಾಯನಿಗಾಗಿ ಷಟ್ಖಂಡಾಗಮದ ಸಾರವನ್ನು ಗೊಮ್ಮಟಸಾರವೆಂಬ ಸಂಗ್ರಹವಾಗಿ ಬರೆದಿದ್ದರು. ಅದಕ್ಕೆ ಕೇಶವವರ್ಣಿ 1359ರಲ್ಲಿ ಕನ್ನಡದಲ್ಲಿಯೇ ವಿಸ್ತಾರವಾದ ವೃತ್ತಿಯನ್ನು ರಚಿಸಿದನು. ಸಂಗ್ರಹವೂ ದೇಶಭಾಷೆಯ ವ್ಯಾಖ್ಯಾನವೂ ಕೈಗೆ ಸಿಕ್ಕ ಮೇಲೆ ಮೂಲದತ್ತ ಹೋಗುವವರು ಯಾರು? ಪೀಟರ್ ಲೊಂಬಾರ್ಡನ ಸಂಗ್ರಹ ಬಂದ ಮೇಲೆ ಧರ್ಮಸಭಾಪಿತೃಗಳ ಮೂಲಕೃತಿಗಳಿಗೆ ಆದದ್ದೂ ಬಹುಪಾಲು ಇದೇ. ಗೃಹಸ್ಥರಿಗಾಗಿ ಬೇರೆಯದೇ ಸಾಹಿತ್ಯ ಬೆಳೆಯಿತು. 16ನೇ ಶತಮಾನದ ಆರಂಭದಲ್ಲಿ ಹುಣಸೂರು ಸೀಮೆಯ ಕಲ್ಲಹಳ್ಳಿಯ ಮೂರನೆಯ ಮಂಗರಸನು ಸಮ್ಯಕ್ತ್ವಕೌಮುದಿಯ ಕಥೆಗಳನ್ನೂ ಸೂಪಶಾಸ್ತ್ರವೆಂಬ ಅಡುಗೆಯ ಪುಸ್ತಕವನ್ನೂ ಕನ್ನಡದಲ್ಲಿ ಬರೆದನು. ಧರ್ಮವನ್ನು ಮನೆಯವರೆಗೆ ತಲುಪಿಸಿದ್ದು ಇಂಥ ಬರಹಗಳೇ.

ಅಲಂಕಾರದ ವಿಷಯಕ್ಕೆ ಬರೋಣ. ಮೂಡುಬಿದಿರೆಯ ಈ ಗರಿಗಳು ಎರಡು ಅಡಿಗೂ ಮೀರಿ ಉದ್ದವಾದ, ಅಗಲ ಮಾತ್ರ ಕೆಲವೇ ಅಂಗುಲಗಳ ಶ್ರೀತಾಳೆಯ ಓಲೆಗಳು. ದಕ್ಷಿಣದಲ್ಲಿ ಸಾಮಾನ್ಯವಾಗಿ ಕಂಟದಿಂದ ಕೊರೆದು ಮಸಿ ತುಂಬುವುದು ರೂಢಿ. ಇವನ್ನು ಶಾಯಿಯಿಂದ ಬರೆದಿದ್ದಾರೆ. ಭಾಷೆ ಪ್ರಾಕೃತ ಮತ್ತು ಸಂಸ್ಕೃತ, ಲಿಪಿ ಹಳಗನ್ನಡದ ಕಾಲದ ದುಂಡನೆಯ ಕನ್ನಡ. ದಾರ ಪೋಣಿಸುವ ರಂಧ್ರಗಳ ಸುತ್ತಲೂ ಓಲೆಯ ತುದಿಗಳಲ್ಲೂ ತಾವರೆ ಮೊದಲಾದ ಬಳ್ಳಿವಿನ್ಯಾಸಗಳಿವೆ. ಕೆಲವು ಗರಿಗಳಲ್ಲಿ ಅಕ್ಷರಗಳ ನಡುವೆ ಚೌಕಗಳನ್ನು ಬಿಟ್ಟು ಕೆಂಪು, ಹಳದಿ, ಹಸಿರು, ನೀಲಿ ಬಣ್ಣಗಳಲ್ಲಿ ಆಕೃತಿಗಳನ್ನು ಬರೆದಿದ್ದಾರೆ. ಕುಳಿತ ಮತ್ತು ನಿಂತ ತೀರ್ಥಂಕರರು, ಬಳ್ಳಿ ಸುತ್ತಿದ ಬಾಹುಬಲಿ, ಶ್ರುತದೇವಿ, ಯಕ್ಷಯಕ್ಷಿಯರು, ಉಪದೇಶಿಸುತ್ತಿರುವ ಮುನಿ, ಎದುರಿಗೆ ಕೈಮುಗಿದ ಶ್ರಾವಕ ಶ್ರಾವಿಕೆಯರು. ಇವು ಉಳಿದಿರುವ ದಿಗಂಬರ ಸಚಿತ್ರ ಹಸ್ತಪ್ರತಿಗಳಲ್ಲಿ ಅತ್ಯಂತ ಹಳೆಯವುಗಳ ಸಾಲಿಗೆ ಸೇರುತ್ತವೆ.

ಉದ್ದನೆಯ ಈ ಆಕಾರವನ್ನ�� ಕಣ್ಣಾರೆ ನೋಡಬೇಕೆಂದರೆ ಮೂಡುಬಿದಿರೆಗೇ ಹೋಗಬೇಕಾಗಿಲ್ಲ. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯ ಸೇರಾ ಮತ್ತು ನಮ್ಡ್ರೋಲಿಂಗ್ ಮಠಗಳಲ್ಲಿ, ಹುಣಸೂರು ತಾಲ್ಲೂಕಿನ ಗುರುಪುರದಲ್ಲಿ, ಟಿಬೆಟಿನ ಭಿಕ್ಷುಗಳು ಮುಂದಿಟ್ಟುಕೊಂಡು ಓದುವ ಕಟ್ಟುಗಳೂ ಉದ್ದನೆಯ ಬಿಡಿಹಾಳೆಗಳೇ. ಹಿಮಾಲಯದಾಚೆ ತಾಳೆಮರವಿಲ್ಲ, ಆದರೂ ಭಾರತದಿಂದ ಹೋದ ಗ್ರಂಥಗಳ ಓಲೆಯ ಆಕಾರವನ್ನು ಅವರು ಕಾಗದದಲ್ಲೂ ಬಿಡಲಿಲ್ಲ. ಆ ಆಕಾರ ಸಾವಿರ ವರ್ಷಗಳ ನಂತರ ನಿರಾಶ್ರಿತರೊಡನೆ ಮೈಸೂರು ಜಿಲ್ಲೆಗೆ ಮರಳಿತು.

ಈ ಚಿತ್ರಗಳು ಮೂಲದ ವಿಷಯವನ್ನು ವಿವರಿಸುವುದಿಲ್ಲ ಎಂಬುದು ಮೊದಲ ನೋಟಕ್ಕೇ ತಿಳಿಯುತ್ತದೆ. ಕರ್ಮಪ್ರಕೃತಿಗಳ ಲೆಕ್ಕವನ್ನು ಯಾವ ಚಿತ್ರಕಾರ ಬರೆಯಬಲ್ಲನು? ಇವು ಹೊರಗಿನಿಂದ ಬಂದು ಗ್ರಂಥದ ಸುತ್ತ ಕಾವಲು ನಿಂತ ಆಕೃತಿಗಳು. ಸುಮಾರು 600ರಲ್ಲಿ ಜಗದ್ಗುರು ಮಹಾ ಗ್ರೆಗೋರಿಯವರು ಮಾರ್ಸೇಯಿನ ಧರ್ಮಾಧ್ಯಕ್ಷ ಸೆರೆನುಸರಿಗೆ ಬರೆದ ಪತ್ರದಲ್ಲಿ, ಅಕ್ಷರ ಬಾರದವರು ದೇವಾಲಯದ ಚಿತ್ರಗಳನ್ನು ನೋಡಿ ಓದಿಕೊಳ್ಳುತ್ತಾರೆಂಬ ವಾದವಿದೆ. ಚಿತ್ರವನ್ನು ಅನಕ್ಷರಸ್ಥರ ಪುಸ್ತಕವೆಂದು ನಾವು ಕಲಿತದ್ದು ಅಲ್ಲಿಂದ. ಆದರೆ ಧವಳೆಯ ಚಿತ್ರ ಗೋಡೆಯ ಮೇಲಿಲ್ಲ, ಪುಸ್ತಕದ ಒಳಗಿದೆ. ಕಟ್ಟು ಬಿಚ್ಚಿದವರಿಗಲ್ಲದೆ ಕಾಣುವುದಿಲ್ಲ. ಬಿಚ್ಚುವವರು ಓದು ಬಲ್ಲ ಮುನಿಗಳು. ಅವರಿಗೆ ಚಿತ್ರದ ಅಗತ್ಯವಿರಲಿಲ್ಲ.

ಹಾಗಿದ್ದರೆ ಚಿತ್ರ ಯಾರಿಗಾಗಿ? ಪ್ರಶಸ್ತಿಯನ್ನೂ ಚಿತ್ರವನ್ನೂ ಜೊತೆಯಲ್ಲಿ ಇಟ್ಟು ನೋಡಿದಾಗ ನಮಗೆ ತೋರುವ ಉತ್ತರ ಇದು: ಅವು ದಾನಿಯ ಭಾಗ. ಸೂತ್ರಗಳು ಪುಷ್ಪದಂತ ಭೂತಬಲಿಗಳವು, ವ್ಯಾಖ್ಯಾನ ವೀರಸೇನರದು, ಓದು ಶುಭಚಂದ್ರರದು. ವ್ರತವನ್ನು ನಡೆಸಿ, ಓಲೆಯನ್ನೂ ಲಿಪಿಕಾರನ ಕೂಲಿಯನ್ನೂ ಹೊಂದಿಸಿ, ಒಂದಕ್ಷರವನ್ನೂ ಓದುವ ಹಕ್ಕಿಲ್ಲದೆ ಕೊಟ್ಟುಬಿಟ್ಟ ಹೆಣ್ಣುಮಗಳಿಗೆ ಆ ಕಟ್ಟಿನಲ್ಲಿ ಉಳಿದಿದ್ದುದು ಕೊನೆಯ ಗರಿಯ ಹೆಸರು ಮತ್ತು ಈ ಬಣ್ಣದ ಚೌಕಗಳು. ಮುನಿಯ ಎದುರು ಕೈಮುಗಿದು ಕೇಳುತ್ತಿರುವ ಶ್ರಾವಿಕೆ ಗ್ರಂಥದ ಒಳಗೆ ಕುಳಿತಿದ್ದಾಳೆ. ಹೊರಗೆ ಅವಳಿಗೆ ನಿಷಿದ್ಧವಾದ ಸ್ಥಳ ಅದು.

ಇದೇ ವರ್ಷಗಳಲ್ಲಿ ಯೂರೋಪಿನಲ್ಲಿ ನಡೆದುದನ್ನು ಎದುರಿಗಿಟ್ಟರೆ ಈ ಮಾತು ಇನ್ನಷ್ಟು ಸ್ಪಷ್ಟವಾಗುತ್ತದೆ. ಬರ್ಗಂಡಿಯ ಸಿತೋ ಮಠದಲ್ಲಿ ಗ್ರೆಗೋರಿಯವರ ಯೋಬನ ಗ್ರಂಥದ ವ್ಯಾಖ್ಯಾನದ ಪ್ರತಿಯೊಂದು 1111ರ ಕ್ರಿಸ್ಮಸ್ ಹಿಂದಿನ ದಿನ ಮುಗಿಯಿತು. ದೇಮಿಯಕ್ಕನ ಓಲೆಗೆ ಅದು ಸಮಕಾಲೀನ. ಅದರ ಮೊದಲಕ್ಷರಗಳಲ್ಲಿ ಮರ ಕಡಿಯುವ, ದಿಮ್ಮಿ ಸೀಳುವ, ಪೈರು ಕೊಯ್ಯುವ ಬಡ ಸನ್ಯಾಸಿಗಳಿದ್ದಾರೆ. ಆ ಚಿತ್ರಗಳಲ್ಲಿ ಓದುವವರು ತಮ್ಮನ್ನೇ ಬರೆದುಕೊಂಡರು. ಮುಂದಿನ ಕೆಲವು ದಶಕಗಳಲ್ಲಿ ಅದೇ ಸಿಸ್ಟರ್ಸೀಯರು, ಸಂತ ಬರ್ನಾರ್ಡರು ಅಲಂಕಾರದ ವಿರುದ್ಧ ಆಡಿದ ಕಟುನುಡಿಯ ನೆರಳಿನಲ್ಲಿ, ಅಕ್ಷರಗಳು ಒಂದೇ ಬಣ್ಣದಲ್ಲಿರಬೇಕು, ಚಿತ್ರಿತವಾಗಿರಕೂಡದು ಎಂದು ನಿಯಮ ಮಾಡಿದರು. ವೈರಾಗ್ಯದ ತರ್ಕದಲ್ಲಿ ಅದು ಸರಿ. ಆದರೆ ಬಟ್ಟೆಯನ್ನೂ ತೊರೆದ ದಿಗಂಬರ ಮುನಿ ಬಣ್ಣದ ಪುಸ್ತಕವನ್ನು ಬೇಡವೆನ್ನಲಿಲ್ಲ. ಅಲಂಕಾರ ಅವನದಲ್ಲ, ಕೊಟ್ಟವರದು. ಅದನ್ನು ತಿರಸ್ಕರಿಸುವುದು ಅವರನ್ನು ತಿರಸ್ಕರಿಸಿದಂತೆ. ಬಲಿಪೀಠಕ್ಕೆ ಭಕ್ತರು ತರುವ ಜರಿಯ ವಸ್ತ್ರಗಳನ್ನೂ ಹೂಮಾಲೆಗಳನ್ನೂ ಕಂಡು ಮುಖ ಸಿಂಡರಿಸುವ ಎಳೆಯ ಯಾಜಕರನ್ನು ನಾವು ಬಲ್ಲೆವು.

ನಂತರದ ಶತಮಾನಗಳಲ್ಲಿ ಧವಳೆ ಓದುವ ಪುಸ್ತಕವಾಗಿರದೆ ದರ್ಶನದ ವಸ್ತುವಾಯಿತು. ಮೂಡುಬಿದಿರೆಗೆ ಬಂದ ಯಾತ್ರಿಕರು ರತ್ನಬಿಂಬಗಳೊಂದಿಗೆ ಸಿದ್ಧಾಂತ ದರ್ಶನವನ್ನೂ ಮಾಡಿ ಹೋಗುತ್ತಿದ್ದರು. ಅಲ್ಲಿಂದ ಮೂವತ್ತೈದು ಕಿಲೋಮೀಟರು ದೂರದ ಮಂಗಳೂರಿನಲ್ಲಿ ಮೋಗ್ಲಿಂಗ್, ಕಿಟ್ಟೆಲ್ ಮೊದಲಾದ ಬಾಸೆಲ್ ಮಿಷನ್ನಿನವರು ತಾಳೆಯೋಲೆಗಳನ್ನು ಹುಡುಕಿ ಕಲ್ಲಚ್ಚಿಗೂ ಮೊಳೆಯಚ್ಚಿಗೂ ಕೊಡುತ್ತಿದ್ದ ಕಾಲದಲ್ಲಿ, ಜೈನ ಕೇಶಿರಾಜನ ವ್ಯಾಕರಣ 1872ರಲ್ಲಿ ಕಿಟ್ಟೆಲರ ಸಂಪಾದನೆಯಲ್ಲಿ ಹೊರಬಂದಾಗಲೂ, ಧವಳೆಯ ಕಟ್ಟು ಬಿಚ್ಚಿರಲಿಲ್ಲ. ಕಾವಲು ಕಾದವರನ್ನು ಈಗ ದೂರುವುದು ಸುಲಭ. ಅವರು ಬಾಗಿಲು ಹಾಕಿಕೊಂಡಿರದಿದ್ದರೆ ಇಂದು ಓದುವುದಕ್ಕೆ ಏನೂ ಇರುತ್ತಿರಲಿಲ್ಲ. ಬೇರೆ ಕಡೆಯ ಹಳೆಯ ಪ್ರತಿಗಳೆಲ್ಲ ನಾಶವಾಗಿದ್ದವು. ಇನ್ನೊಂದು ಕಡೆ, ಗರಿಗಳು ಮುರಿಯುತ್ತಿದ್ದವು, ಹುಳು ತಿನ್ನುತ್ತಿತ್ತು, ಕೆಲವು ಕಳೆದೂಹೋದವು.

19ನೇ ಶತಮಾನದ ಕೊನೆಯ ದಶಕದಲ್ಲಿ ಮುಂಬಯಿ, ಸೊಲ್ಲಾಪುರಗಳ ಜೈನ ಶ್ರೀಮಂತರ ಒತ್ತಾಯದಿಂದ ನಕಲು ಮಾಡುವ ಕೆಲಸ ಆರಂಭವಾಯಿತು. ಶ್ರವಣಬೆಳಗೊಳದ ಬ್ರಹ್ಮಸೂರಿ ಶಾಸ್ತ್ರಿಗಳೂ ಮಿರಜಿನ ಗಜಪತಿ ಉಪಾಧ್ಯಾಯರೂ ಅದಕ್ಕೆ ಕುಳಿತರು. ಹೊಸ ಪ್ರತಿಯೂ ಮೂಡುಬಿದಿರೆಯಲ್ಲಿಯೇ ಉಳಿಯಬೇಕೆಂಬುದು ಕರಾರು. ಗಜಪತಿ ಉಪಾಧ್ಯಾಯರು ರಹಸ್ಯವಾಗಿ, ಪತ್ನಿ ಲಕ್ಷ್ಮೀಬಾಯಿಯವರ ನೆರವಿನಿಂದ, ಕನ್ನಡ ಲಿಪಿಯಲ್ಲಿ ಇನ್ನೊಂದು ಪ್ರತಿ ಮಾಡಿಕೊಂಡರು. ಅದು ಸಹಾರನಪುರಕ್ಕೆ ಹೋಯಿತು; ಅಲ್ಲಿ ನಾಗರಿಗೆ ಇಳಿಸಿದವರೂ ತಮಗೊಂದು ಪ್ರತಿ ಉಳಿಸಿಕೊಂಡರು; ಆ ಪ್ರತಿಯ ಪ್ರತಿಗಳು ಉತ್ತರ ಭಾರತದಲ್ಲೆಲ್ಲ ಹರಡಿದವು. ಇದನ್ನು ಕಳವೆನ್ನುವುದೋ ಶಾಸ್ತ್ರದಾನವೆನ್ನುವುದೋ ಓದುಗರೇ ನಿರ್ಣಯಿಸಲಿ. ಈ ನಕಲುಗಳ ನಕಲುಗಳನ್ನು ಆಧರಿಸಿ ಹೀರಾಲಾಲ ಜೈನರು ಬೆಳಗಾವಿ ಜಿಲ್ಲೆಯ ಸದಲಗದ ಆ.ನೇ. ಉಪಾಧ್ಯೆ ಮೊದಲಾದವರೊಡನೆ 1939ರಲ್ಲಿ ಧವಳೆಯ ಮೊದಲ ಸಂಪುಟವನ್ನು ಅಚ್ಚು ಹಾಕಿಸಿದರು. ಹದಿನಾರನೆಯದು ಬಂದದ್ದು 1958ರಲ್ಲಿ.

ಧರಸೇನರ ಮಂತ್ರದ ಕಥೆಯನ್ನು ಮತ್ತೆ ನೆನೆಯುವ ಸಮಯ ಇದು. ಮೊದಲ ಸಂಪುಟದಲ್ಲಿರುವ ಸತ್ಪ್ರರೂಪಣೆಯ 93ನೇ ಸೂತ್ರ ಮಾನುಷಿಯರ, ಅಂದರೆ ಮನುಷ್ಯ ಸ್ತ್ರೀಯರ, ಗುಣಸ್ಥಾನಗಳನ್ನು ಕುರಿತದ್ದು. ಸಂಪಾದಕರ ಕೈಗೆ ಬಂದ ನಕಲುಗಳಲ್ಲಿ ಪಟ್ಟಿ ಸಂಜದಾಸಂಜದ ಎಂಬ ಪದಕ್ಕೆ ನಿಂತಿತ್ತು. ಅದು ಐದನೆಯ ಮೆಟ್ಟಿಲು, ವ್ರತ ಹಿಡಿದ ಗೃಹಸ್ಥರದು. ಮುಂದೆ ಸಂಜದ ಎಂಬ ಪದ, ಅಂದರೆ ಪೂರ್ಣ ಸಂಯಮದ ಮುನಿಯ ಸ್ಥಿತಿ, ಇರಬೇಕಾಗಿತ್ತೆಂದು ಸಂಪಾದಕರಿಗೆ ಅನ್ನಿಸಿತು. ಕಾರಣ ವ್ಯಾಖ್ಯಾನದಲ್ಲೇ ಇತ್ತು. ಈ ಸೂತ್ರದಿಂದ ಸ್ತ್ರೀಯರಿಗೂ ನಿರ್ವಾಣ ಸಿದ್ಧವಾಗುವುದಿಲ್ಲವೇ ಎಂಬ ಪ್ರಶ್ನೆಯನ್ನು ವೀರಸೇನರು ಎತ್ತಿ, ಇಲ್ಲವೆಂದು ಉತ್ತರಿಸುತ್ತಾರೆ. ಆ ಪದವೇ ಇಲ್ಲದ ಸೂತ್ರದಿಂದ ಅಂಥ ಪ್ರಶ್ನೆ ಹುಟ್ಟಲಾರದು. ಸಂಪಾದಕರು ಪಾಠವನ್ನು ಮುಟ್ಟದೆ ಅಡಿಟಿಪ್ಪಣಿಯಲ್ಲಿ ತಮ್ಮ ಅಭಿಪ್ರಾಯವನ್ನು ಸೂಚಿಸಿದರು. ಸಮಾಜದಲ್ಲಿ ದೊಡ್ಡ ವಿವಾದವೆದ್ದಿತು. ಸ್ತ್ರೀಗೆ ಆ ದೇಹದಲ್ಲೇ ಮೋಕ್ಷವಿಲ್ಲ ಎಂಬುದು ದಿಗಂಬರರನ್ನು ಶ್ವೇತಾಂಬರರಿಂದ ಬೇರ್ಪಡಿಸುವ ಸಿದ್ಧಾಂತಗಳಲ್ಲೊಂದು. ಮೂರಕ್ಷರದ ಪದವೊಂದು ಅದನ್ನು ಅಲುಗಿಸುವಂತೆ ಕಂಡಿತು.

ಮೂಡುಬಿದಿರೆಯ ಧರ್ಮದರ್ಶಿಗಳು ಆ ವೇಳೆಗೆ ಸಹಕಾರಕ್ಕೆ ಒಪ್ಪಿದ್ದರು. ಅಲ್ಲಿಯ ಪಂಡಿತ ಲೋಕನಾಥ ಶಾಸ್ತ್ರಿಗಳು ಅಚ್ಚಾದ ಪಾಠವನ್ನು ತಾಳೆಯೋಲೆಯೊಂದಿಗೆ ಹೋಲಿಸುವ ಕೆಲಸದಲ್ಲಿ ತೊಡಗಿದರು. ಓಲೆಯಲ್ಲಿ ಸಂಜದ ಎಂಬ ಪದವಿತ್ತು. ಸಂಜದಾಸಂಜದ ಎಂದು ಬರೆದ ಮೇಲೆ ಮತ್ತೆ ಸಂಜದ ಎಂದು ಬರೆಯಬೇಕಾದ ಕಡೆ ನಕಲುಗಾರನ ಕಣ್ಣು ಜಾರಿದ್ದರಲ್ಲಿ ಆಶ್ಚರ್ಯವಿಲ್ಲ. ಹೊಸ ಒಡಂಬಡಿಕೆಯ ಪ್ರತಿಗಳಲ್ಲಿ ಇಂಥ ಜಾರುವಿಕೆ ನೂರಾರಿವೆ. ಪದ ಮರಳಿತೆಂದ ಮಾತ್ರಕ್ಕೆ ಸಿದ್ಧಾಂತ ಬದಲಾಯಿತೆಂದು ಯಾರೂ ತಿಳಿಯಬಾರದು. ಸೂತ್ರದ ಮಾನುಷಿ ಭಾವದಿಂದ ಸ್ತ್ರೀಯಾದವಳೇ ಹೊರತು ದೇಹದಿಂದಲ್ಲ ಎಂಬ ವೀರಸೇನರ ಅರ್ಥವನ್ನೇ ದಿಗಂಬರ ಪರಂಪರೆ ಇಂದಿಗೂ ಅನುಸರಿಸುತ್ತದೆ. ಆದರೆ ಪ್ರಶ್ನೆ ಮೂಲದಲ್ಲಿಯೇ ಇತ್ತು, ಅದನ್ನು ಎದುರಿಸಿಯೇ ಉತ್ತರ ಕೊಡಲಾಗಿತ್ತು ಎಂಬುದು ಓಲೆಯಿಂದ ಸ್ಥಿರವಾಯಿತು.

ನಮ್ಮಲ್ಲೂ ಇದೇ ಬಗೆಯದೊಂದು ನಡೆದಿದೆ. ರೋಮನರಿಗೆ ಬರೆದ ಪತ್ರದ 16:7ರಲ್ಲಿ ಪ್ರೇಷಿತರ ನಡುವೆ ಹೆಸರಾದ ಯೂನಿಯಳನ್ನು ಸಂತ ಕ್ರಿಸೊಸ್ತೋಮರು ಸ್ತ್ರೀಯೆಂದೇ ಕೊಂಡಾಡಿದ್ದರು. ನೆಸ್ಲೆಯವರ ಗ್ರೀಕ್ ಪಾಠದ 1927ರ ಆವೃತ್ತಿ ಸ್ವರಚಿಹ್ನೆಯೊಂದನ್ನು ಬದಲಿಸಿ ಆ ಹೆಸರನ್ನು ಪುರುಷನದಾಗಿಸಿತು. ಅದು ಮತ್ತೆ ಸ್ತ್ರೀನಾಮವಾದದ್ದು 1998ರ ಮುದ್ರಣದಲ್ಲಿ. ಅಲ್ಲಿ ತಪ್ಪಿದ್ದು ಹಳೆಯ ಲಿಪಿಕಾರರಲ್ಲ, ಸ್ತ್ರೀ ಪ್ರೇಷಿತಳಿರಲಾರಳೆಂದು ಮೊದಲೇ ನಿಶ್ಚಯಿಸಿದ್ದ ಆಧುನಿಕ ವಿದ್ವಾಂಸರು. ಮೂಡುಬಿದಿರೆಯ ನಕಲುಗಾರನದು ಬರಿಯ ಕಣ್ಣಿನ ತಪ್ಪು. ಆದರೂ ಆ ತಪ್ಪು ಯಾವ ಪದದ ಮೇಲೆ ಬಿದ್ದಿತು, ತಿದ್ದಲು ಹೊರಟಾಗ ಯಾರು ಬೇಡವೆಂದರು ಎಂಬುದನ್ನು ಗಮನಿಸಿದರೆ ಎರಡೂ ಪ್ರಕರಣಗಳು ಅಷ್ಟೇನೂ ದೂರವಿಲ್ಲ.

ಧವಳೆಯನ್ನು ಬರೆಯಿಸಿದ ದೇಮಿಯಕ್ಕನೂ ಶುಭಚಂದ್ರರ ಶಿಷ್ಯೆಯಾಗಿ ಶ್ರವಣಬೆಳಗೊಳದ ಶಾಸನವೊಂದರಲ್ಲಿ ನಾಲ್ಕು ದಾನಗಳಿಗಾಗಿ ಹೊಗಳಿಸಿಕೊಂಡ ದೇಮತಿಯೂ ಒಬ್ಬಳೇ ಇರಬಹುದೆಂದು ಸಂಪಾದಕರು ಊಹಿಸಿದ್ದುಂಟು. ಆಕೆ ಗಂಗರಾಜನ ಪತ್ನಿ ಲಕ್ಷ್ಮೀಮತಿಯ ಸೋದರಿ. ಶಾಸನದ ದೇಮತಿ ಸಲ್ಲೇಖನ ವ್ರತದಿಂದ ದೇಹವನ್ನು ಬಿಟ್ಟಳು. ಅವಳ ನೆನಪಿನ ಕಲ್ಲು ಚಿಕ್ಕಬೆಟ್ಟದ ಮೇಲಿದೆ. ಅದೇ ಬೆಟ್ಟದ ಬುಡದ ಶ್ರವಣಬೆಳಗೊಳದಲ್ಲಿ, ಪ್ರಾಕೃತ ಅಧ್ಯಯನ ಸಂಸ್ಥೆಯ ಮೂಲಕ, ಧವಳಾ ಸಂಪುಟಗಳು ನಮ್ಮ ಕಾಲದಲ್ಲಿ ಕನ್ನಡಕ್ಕೆ ಅನುವಾದಗೊಂಡು ಪ್ರಕಟವಾಗಿವೆ. ಶತಮಾನಗಳ ಕಾಲ ಕನ್ನಡದ ಅಕ್ಷರಗಳಲ್ಲಿ ಮಾತ್ರ ಇದ್ದ ಗ್ರಂಥ ಹೀಗೆ ಕನ್ನಡದ ಮಾತಿಗೂ ಬಂದಿತು. ಕೊಂಡು ಓದುವುದಕ್ಕೆ ಈಗ ಮುನಿಯಾಗಿರಬೇಕಾಗಿಲ್ಲ, ಜೈನರೂ ಆಗಿರಬೇಕಾಗಿಲ್ಲ.